ಚೀಟಿ ದುಡ್ಡಿನ ಗೇಮಿಂಗ್ ಕಂಪ್ಯೂಟರ್

ವಿಜಯನಗರದ ನಮ್ಮ ಮನೆಯಲ್ಲಿ ಒಂಬತ್ತು ವರ್ಷ ದುಡಿದಿದ್ದ ಕಂಪ್ಯೂಟರ್, 2023ರ ಆಗಸ್ಟ್ ತಿಂಗಳ ಒಂದು ರಾತ್ರಿ ಕರೆಂಟು ಹೋಗಿ ಮರಳಿ ಬಂದ ಗಳಿಗೆಯಲ್ಲಿ ಚಟ್ಟೆಂದು ಸದ್ದು ಮಾಡಿ ನಿಂತುಹೋಯಿತು. ಮರುದಿನ ಅದನ್ನು ಬಿಚ್ಚಿ ನೋಡಿದ ನಮ್ಮ ಬೀದಿಯ ರಿಪೇರಿಯವರು, ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ತು ಹಂಚುವ ಎಸ್‌ಎಂಪಿಎಸ್ ಸುಟ್ಟಿದೆ, ಸುಡುವಾಗ ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡನ್ನೂ ಕೆಡಿಸಿದೆ, ಇಷ್ಟು ಹಳೆಯ ಬೋರ್ಡನ್ನು ಹುಡುಕಿಕೊಂಡು ಅಲೆಯುವುದಕ್ಕಿಂತ ಹೊಸದನ್ನು ಮಾಡಿಸಿಕೊಳ್ಳುವುದೇ ಲೇಸು ಎಂದರು. ಆ ಎಸ್‌ಎಂಪಿಎಸ್ಸನ್ನು ಎರಡು ವರ್ಷದ ಹಿಂದೆ 700 ರೂಪಾಯಿ ಕೊಟ್ಟು ನಾನೇ ತಂದು ಹಾಕಿಸಿದ್ದೆ. ಕೈಯಲ್ಲಿ ಹಿಡಿದರೆ ಖಾಲಿ ಡಬ್ಬಿಯಷ್ಟು ಹಗುರವಾಗಿದ್ದ ಅದರ ಮೇಲೆ 450 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮುಂದಿನ ಎರಡು ತಿಂಗಳು ನಾನು ತೆಗೆದುಕೊಂಡ ಅನೇಕ ತೀರ್ಮಾನಗಳ ಹಿಂದೆ ಆ ಸುಟ್ಟ ವಾಸನೆ ಇತ್ತು.

ನಾನು ರಾಜಾಜಿನಗರದ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ತಮ್ಮ ಬಿ.ಕಾಂ. ಓದುತ್ತಿದ್ದಾನೆ. ಇಬ್ಬರೂ ಆಟ ಆಡುವವರೇ. ಅವನಿಗೆ ಗೆಳೆಯರೊಡನೆ ಗುಂಡು ಹಾರಿಸುವ ವ್ಯಾಲರಂಟ್, ನನಗೆ ಕೆಲಸ ಮುಗಿಸಿ ಬಂದ ಮೇಲೆ ಒಂದು ಗಂಟೆ ಕಾರು ಓಡಿಸುವ ಫೋರ್ಜಾ ಹೊರೈಜನ್. ಕಚೇರಿಯ ಗೆಳತಿಯರೊಡನೆ ಹಾಕಿದ್ದ ಚೀಟಿ ಸೆಪ್ಟೆಂಬರಿನಲ್ಲಿ ಕೈಗೆ ಬಂದಾಗ, ಮನೆಯ ಖರ್ಚು ಕಳೆದು 55,000 ರೂಪಾಯಿ ಉಳಿಯಿತು. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಆಗಬಾರದು, ಸಾಲ ಮಾಡಬಾರದು, ಕಂತಿನ ಮಾತು ಬೇಡ ಎಂದು ಮೊದಲೇ ನಿರ್ಧರಿಸಿಕೊಂಡೆವು. ಹಳೆಯ ಕಂಪ್ಯೂಟರಿನಿಂದ ಮಾನಿಟರು ಮತ್ತು ಅದಕ್ಕೆಂದು ದುಡ್ಡು ಕೊಟ್ಟು ಕೊಂಡಿದ್ದ ವಿಂಡೋಸ್ ಪರವಾನಗಿ ಉಳಿದಿದ್ದವು. ಉಳಿದದ್ದೆಲ್ಲ ಹೊಸದಾಗಿ ಬರಬೇಕಿತ್ತು.

ಕೊಳ್ಳುವ ಮೊದಲು ನಾವು ಇತ್ಯರ್ಥ ಮಾಡಿಕೊಂಡ ಸಂಗತಿ ಮಾನಿಟರಿನದು. ಮನೆಯಲ್ಲಿದ್ದದ್ದು 1080 ಗೆರೆಗಳ, ಸೆಕೆಂಡಿಗೆ 60 ಚಿತ್ರ ತೋರಿಸುವ ಸಾಧಾರಣ ಮಾನಿಟರು. ಸೆಕೆಂಡಿಗೆ 150 ಚಿತ್ರ ಕೊಡುವ ಕಂಪ್ಯೂಟರನ್ನು ಅದಕ್ಕೆ ಜೋಡಿಸಿದರೂ ಕಣ್ಣಿಗೆ ಕಾಣುವುದು 60 ಮಾತ್ರ. ಆದ್ದರಿಂದ ಈಗಿನ ಆಟಗಳು 1080ರಲ್ಲಿ 60ಕ್ಕಿಂತ ಕೆಳಗಿಳಿಯದಂತೆ ಓಡಬೇಕು, ನಾಳೆ 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಚಿತ್ರದ, ಮಾನಿಟರು ತಂದರೆ ವ್ಯಾಲರಂಟ್ ಅದಕ್ಕೂ ಸಾಲಬೇಕು ಎಂದು ಗುರಿ ಹಾಕಿಕೊಂಡೆವು. ಗುರಿ ಹೀಗೆ ಗೊತ್ತಾದ ಮೇಲೆ ಲೆಕ್ಕ ಸುಲಭವಾಯಿತು. ಒಟ್ಟು ಹಣದ ಐದರಲ್ಲಿ ಎರಡು ಪಾಲು ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ. ಅದರ ನಂತರ ಒಳ್ಳೆಯ ಎಸ್‌ಎಂಪಿಎಸ್. ಮಿಕ್ಕಿದ್ದರಲ್ಲಿ ಪ್ರೊಸೆಸರ್ ಮುಂತಾದವು. ಬಣ್ಣದ ದೀಪಗಳಿಗೆ ಏನೂ ಇಲ್ಲ. ತಮ್ಮನಿಗೆ ಗಾಜಿನ ಕ್ಯಾಬಿನೆಟ್ಟಿನೊಳಗೆ ನೀಲಿ, ಕೆಂಪು ದೀಪ ತಿರುಗುವ ಫ್ಯಾನುಗಳ ಮೇಲೆ ಆಸೆಯಿತ್ತು. "ಅಕ್ಕಾ, ಬರೀ ಎರಡು ಸಾವಿರ ಜಾಸ್ತಿ ಅಷ್ಟೇ" ಎಂದ. ಆ ಎರಡು ಸಾವಿರ ಸೇರಿದರೆ ಗ್ರಾಫಿಕ್ಸ್ ಕಾರ್ಡು ಒಂದು ಮೆಟ್ಟಿಲು ಮೇಲಕ್ಕೆ ಹೋಗುತ್ತದೆ ಎಂದು ಹಾಳೆಯಲ್ಲಿ ಬರೆದು ತೋರಿಸಿದ ಮೇಲೆ ಒಪ್ಪಿದ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಬಿಡಿಭಾಗಗಳೆಂದರೆ ಎಸ್.ಪಿ. ರಸ್ತೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ಣ ಹೆಸರು ಫಲಕಗಳಲ್ಲಷ್ಟೇ ಉಳಿದಿದೆ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರ ಅರ್ಧ ದಿನ ರಜೆ ಹಾಕಿ, ವಿಜಯನಗರದಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್ಕಿಗೆ ಬಂದು, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿದು ನಡೆದೆವು. ಇಬ್ಬರು ಜೋಡಿಯಾಗಿ ನಡೆಯಲಾಗದಷ್ಟು ಇಕ್ಕಟ್ಟಾದ ಆ ರಸ್ತೆಯಲ್ಲಿ ಲಗೇಜ್ ಆಟೋ, ತಲೆಯ ಮೇಲೆ ಡಬ್ಬಗಳನ್ನು ಹೊತ್ತ ಹುಡುಗರು, ಸಿಸಿಟಿವಿ ಕ್ಯಾಮೆರಾ ತಂತಿಯ ಸುರುಳಿಗಳು, ಎಲ್ಲವೂ ಒಂದರ ಮೇಲೊಂದು. ಆ ಮೊದಲ ಶನಿವಾರ ಏನನ್ನೂ ಕೊಳ್ಳುವುದಿಲ್ಲ, ಬರೀ ಬೆಲೆ ಕೇಳಿಕೊಂಡು ಬರುತ್ತೇವೆ ಎಂದು ನಿಶ್ಚಯಿಸಿ ಹೋಗಿದ್ದೆವು. ಕೈಯಲ್ಲಿ ಹಣ ಕಡಿಮೆ ಇದ್ದವರಿಗೆ ಆ ಒಂದು ಸುತ್ತು ಬಹಳ ಬೆಲೆಯುಳ್ಳದ್ದು ಎಂದು ನಾನು ಈಗಲೂ ನಂಬುತ್ತೇನೆ, ಏಕೆಂದರೆ ಒಂದೇ ಗ್ರಾಫಿಕ್ಸ್ ಕಾರ್ಡಿಗೆ ಐದು ಅಂಗಡಿಗಳಲ್ಲಿ ಐದು ಬೆಲೆ ಕೇಳಿದ್ದೆವು, ಹೆಚ್ಚಿನ ಮತ್ತು ಕಡಿಮೆ ಬೆಲೆಯ ನಡುವೆ 2,200 ರೂಪಾಯಿ ಅಂತರವಿತ್ತು.

ಒಂದು ಅಂಗಡಿಯಲ್ಲಿ 26,000 ರೂಪಾಯಿಗೆ ಪೂರ್ಣ ಗೇಮಿಂಗ್ ಸೆಟ್ಟು ಇದೆ ಎಂದರು. ಗಾಜಿನ ಕ್ಯಾಬಿನೆಟ್ಟು, ನಾಲ್ಕು ದೀಪದ ಫ್ಯಾನು, ಮೇಲೆ ಐ7 ಎಂಬ ಇಂಟೆಲ್ ಪ್ರೊಸೆಸರಿನ ಸ್ಟಿಕ್ಕರು. ಯಾವ ತಲೆಮಾರಿನ ಐ7 ಎಂದು ಕೇಳಿದಾಗ, "ಐ7 ಅಂದ್ರೆ ಐ7 ಮೇಡಂ, ಅದಕ್ಕಿಂತ ಮೇಲೆ ಇನ್ನೇನು ಬೇಕು?" ಎಂಬ ಉತ್ತರ ಬಂತು. ತೆರೆಸಿ ನೋಡಿದರೆ ಅದು ಐ7-2600, ಅಂದರೆ 2011ರ ಪ್ರೊಸೆಸರು. ಅದಕ್ಕಿರುವುದು ನಾಲ್ಕು ಕೋರ್, ಅಂದರೆ ಕೆಲಸ ಮಾಡುವ ಘಟಕಗಳು, ಮತ್ತು ಎಂಟು ಥ್ರೆಡ್, ಅಂದರೆ ಒಮ್ಮೆಗೆ ನಡೆಯುವ ಕೆಲಸದ ಸಾಲುಗಳು. 2022ರ ಜನವರಿಯಲ್ಲಿ ಬಂದ ಐ3-12100ಎಫ್‌ಗೂ ನಾಲ್ಕೇ ಕೋರ್, ಎಂಟೇ ಥ್ರೆಡ್. ಆದರೆ ನಡುವೆ ಹನ್ನೊಂದು ವರ್ಷ ಕಳೆದಿದೆ, ಒಂದೊಂದು ಕೋರಿನ ಕೆಲಸದ ವೇಗವೂ ಬೇರೆಯೇ ಆಗಿದೆ, ಮತ್ತು ವಿಂಡೋಸ್ 11 ಆ ಹಳೆಯದನ್ನು ಅಧಿಕೃತವಾಗಿ ಒಪ್ಪಿಕೊಳ್ಳುವುದೇ ಇಲ್ಲ. ಐ3, ಐ5, ಐ7 ಎಂಬುದು ಒಂದೇ ತಲೆಮಾರಿನೊಳಗಿನ ದರ್ಜೆಯೇ ಹೊರತು ಎಲ್ಲ ಕಾಲಕ್ಕೂ ಸಲ್ಲುವ ಅಂಕಪಟ್ಟಿಯಲ್ಲ. ಮಗನ ಜೊತೆ ಬಂದಿದ್ದ ಹಿರಿಯರೊಬ್ಬರು ಪಕ್ಕದಲ್ಲೇ ಅಂಥದೇ ಸೆಟ್ಟಿಗೆ ಮುಂಗಡ ಕೊಡಲು ಹೊರಟಿದ್ದರು. ಅವರಿಗೆ ಈ ಮಾತನ್ನು ಹೇಳಿದೆ. ಅಂಗಡಿಯವರಿಗೆ ಹಿಡಿಸಲಿಲ್ಲ, ಆದರೆ ಹೇಳದೆ ಬರಲು ಮನಸ್ಸು ಒಪ್ಪಲಿಲ್ಲ.

ಬೆಲೆ ಕೇಳುವಾಗ ಇನ್ನೊಂದು ಪಾಠವಾಯಿತು. ಗ್ರಾಫಿಕ್ಸ್ ಕಾರ್ಡಿಗೆ 17,500 ಎಂದವರು, ನಾನು ಸಂತೋಷದಿಂದ ಬರೆದುಕೊಳ್ಳುತ್ತಿದ್ದಾಗ "ಬಿಲ್ ಬೇಕಾ ಮೇಡಂ?" ಎಂದರು. ಬಿಲ್ಲು ಬೇಕೆಂದರೆ 18 ಶೇಕಡಾ ಜಿಎಸ್‌ಟಿ ಸೇರಿ 20,650. ಬಿಲ್ಲಿಲ್ಲದೆ ಕೊಂಡರೆ ಮೂರು ಸಾವಿರ ಉಳಿಯುತ್ತದೆ ಎಂದು ತಮ್ಮನಿಗೆ ಅನಿಸಿತು. ಆದರೆ ಆ ಕಾರ್ಡಿಗೆ ಮೂರು ವರ್ಷದ ವಾರಂಟಿ ಇದೆ, ಕೆಟ್ಟರೆ ಸರ್ವಿಸ್ ಸೆಂಟರಿನಲ್ಲಿ ಬಿಲ್ಲು ಕೇಳುತ್ತಾರೆ; ದಿನವಿಡೀ ಬಿಲ್ಲುಗಳ ನಡುವೆಯೇ ಕೂರುವ ನನಗೆ ಅದರಲ್ಲಿ ಎರಡನೆಯ ಯೋಚನೆ ಬರಲಿಲ್ಲ. ಅಂದಿನಿಂದ ಹಾಳೆಯಲ್ಲಿ ತೆರಿಗೆ ಸೇರಿದ ಬೆಲೆಯನ್ನು ಮಾತ್ರ ಬರೆದೆವು.

ಹಳೆಯ ಕಾರ್ಡಿನ ದಾರಿಯನ್ನೂ ನೋಡದೆ ಬಿಡಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ಡಿಜಿಟಲ್ ನಾಣ್ಯ ತನ್ನ ವ್ಯವಸ್ಥೆ ಬದಲಿಸಿದ ಮೇಲೆ, ಅದರ ಗಣಿಗಾರಿಕೆಗೆ, ಅಂದರೆ ಲೆಕ್ಕ ಬಿಡಿಸಿ ಆ ನಾಣ್ಯ ಗಳಿಸಲು, ಹಗಲೂ ರಾತ್ರಿ ದುಡಿದಿದ್ದ ಕಾರ್ಡುಗಳು ರಾಶಿರಾಶಿಯಾಗಿ ಹಳೆಯ ಸಾಮಾನಿನ ಮಾರುಕಟ್ಟೆಗೆ ಬಂದಿದ್ದವು. ಬಿಟಿಎಂ ಬಡಾವಣೆಯಲ್ಲಿ ಒಬ್ಬರು 8 ಜಿಬಿಯ ಆರ್‌ಎಕ್ಸ್ 580 ಕಾರ್ಡನ್ನು 7,000ಕ್ಕೆ ಕೊಡುತ್ತೇನೆಂದರು. ಹೋಗಿ ನೋಡಿದೆವು. ತಿರುಪಿನ ಮೇಲಿನ ಸ್ಟಿಕ್ಕರು ಹರಿದಿತ್ತು, ಹಿಂಬದಿಯಲ್ಲಿ ಶಾಖ ಸಾಗಿಸುವ ಥರ್ಮಲ್ ಪ್ಯಾಡಿನ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿತ್ತು, ಅವರದೇ ಕಂಪ್ಯೂಟರಿನಲ್ಲಿ ವಿವರ ತೆಗೆಸಿದಾಗ ಚಿತ್ರದ ಲೆಕ್ಕ ಮಾಡುವ 2304 ಶೇಡರು ಘಟಕಗಳ ಬದಲು 2048 ಎಂದು ತೋರಿಸಿತು, ಅಂದರೆ ಅದೇ ಹೆಸರಿನ ಕೆಳದರ್ಜೆಯ ರೂಪ. ಹಳೆಯದನ್ನು ಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ; ಕೈಯಲ್ಲಿ 30,000 ಮಾತ್ರ ಇದ್ದಿದ್ದರೆ ಇನ್ನೂ ನಾಲ್ಕು ಕಾರ್ಡು ನೋಡಿ ಒಂದನ್ನು ತರುತ್ತಿದ್ದೆ. ಆದರೆ 185 ವ್ಯಾಟ್ ಎಳೆಯುವ, ವಾರಂಟಿ ಮುಗಿದ ಕಾರ್ಡಿಗಿಂತ 132 ವ್ಯಾಟಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಕೆಲಸ ಮಾಡುವ ಆರ್‌ಎಕ್ಸ್ 6600 ನಮ್ಮ ಕೈಗೆಟುಕುವಂತಿತ್ತು.

ಅದಕ್ಕಿಂತ ಅಗ್ಗವಾಗಿ ಸಿಗುತ್ತಿದ್ದ ಹೊಸ ಕಾರ್ಡು ಆರ್‌ಎಕ್ಸ್ 6500 ಎಕ್ಸ್‌ಟಿ. ಹೆಸರಿನಲ್ಲಿ ನೂರರ ವ್ಯತ್ಯಾಸವಷ್ಟೇ ಕಂಡರೂ ಅದರಲ್ಲಿ ಮೆಮೊರಿ 4 ಜಿಬಿ, 6600ರಲ್ಲಿ 8. ಮದರ್‌ಬೋರ್ಡಿನೊಂದಿಗೆ ಮಾತಾಡಲು ಅದಕ್ಕೆ ನಾಲ್ಕು ಲೇನು, ಅಂದರೆ ದತ್ತಾಂಶದ ದಾರಿ, ಇದಕ್ಕೆ ಎಂಟು. ನಮ್ಮಂತೆ ಪಿಸಿಐಇ 3, ಅಂದರೆ ಆ ದಾರಿಯ ಹಳೆಯ ತಲೆಮಾರಿನ, ಅಗ್ಗದ ಬೋರ್ಡು ಹಾಕುವವರಿಗೆ ನಾಲ್ಕು ಲೇನಿನ ಕಾರ್ಡು ಇನ್ನಷ್ಟು ಬಳಲುತ್ತದೆ: ಕಾರ್ಡಿನ ಮೆಮೊರಿ ತುಂಬಿದಾಗ ಕಂಪ್ಯೂಟರಿನ ಮುಖ್ಯ ಮೆಮೊರಿಯಾದ ರ‍್ಯಾಮಿನಿಂದ ತರಿಸಿಕೊಳ್ಳಬೇಕು, ತರಿಸಿಕೊಳ್ಳುವ ದಾರಿಯೇ ಕಿರಿದು, ಆಗ ಆಟ ತಡವರಿಸುತ್ತದೆ. ಕಡಿಮೆ ಹಣದವರ ಕಂಪ್ಯೂಟರಿಗೇ ಹೆಚ್ಚು ತೊಂದರೆ ಕೊಡುವ ಅಗ್ಗದ ಕಾರ್ಡು ಎಂಬುದು ನನಗೆ ಬೇಸರ ತರಿಸಿತು.

ಪ್ರೊಸೆಸರಿನ ವಿಷಯದಲ್ಲಿ ಐ3-12100ಎಫ್ ಕೊಂಡಿದ್ದರೆ ಬೋರ್ಡೂ ಸೇರಿ ನಾಲ್ಕು ಸಾವಿರದಷ್ಟು ಉಳಿಯುತ್ತಿತ್ತು, ಅದೂ ಒಳ್ಳೆಯ ಆಯ್ಕೆಯೇ. ಕಾರ್ಡಿಲ್ಲದೆಯೂ ಚಿತ್ರ ತೋರಿಸುವ, ಎಎಂಡಿ ಕಂಪನಿಯ ರೈಜೆನ್ 5 5600ಜಿ ಮೇಲೆ ಸ್ವಲ್ಪ ದಿನ ಕಣ್ಣಿತ್ತು. ಆದರೆ ಪ್ರೊಸೆಸರಿನೊಳಗಿನ ವೇಗದ ಮೆಮೊರಿಯಾದ ಎಲ್3 ಕ್ಯಾಶ್ ಅದರಲ್ಲಿ 16 ಎಂಬಿ, ಜಿ ಇಲ್ಲದ 5600ರಲ್ಲಿ 32 ಎಂಬಿ. ಕಾರ್ಡು ಹೇಗೂ ಕೊಳ್ಳುವವರಿಗೆ ಜಿ ಬೇಕಿಲ್ಲ. ಆರು ಕೋರಿನ 5600 ನಾಲ್ಕೈದು ವರ್ಷ ಬಾಳಲಿ ಎಂದು ಅದನ್ನೇ ಆರಿಸಿದೆವು.

ಆಯುಧಪೂಜೆ ಕಳೆದ ವಾರದ ಶನಿವಾರ ಹಣ ಹಿಡಿದುಕೊಂಡು ಹೋದೆವು. ಅಂಗಡಿಗಳ ಬಾಗಿಲಿಗೆ ಕಟ್ಟಿದ್ದ ಬಾಳೆಕಂಬ ಬಾಡಿ ಬಾಗಿದ್ದವು, ಹೊಸ್ತಿಲಲ್ಲಿ ಬೂದುಗುಂಬಳಕಾಯಿ ಒಡೆದ ಕುಂಕುಮದ ಕಲೆ ಇನ್ನೂ ಹೋಗಿರಲಿಲ್ಲ. ಪ್ರೊಸೆಸರ್ 12,100, ಬಿ450 ಮದರ್‌ಬೋರ್ಡ್ 5,900, 8 ಜಿಬಿಯ ಎರಡು ರ‍್ಯಾಮ್ ಕಡ್ಡಿ 3,100, ಕಡತಗಳನ್ನು ಇಡುವ 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ 2,700, ಗ್ರಾಫಿಕ್ಸ್ ಕಾರ್ಡ್ 20,650, ಎಸ್‌ಎಂಪಿಎಸ್ 4,150, ಜಾಲರಿಯ ಮುಖವಿರುವ ಸಾದಾ ಕ್ಯಾಬಿನೆಟ್ 2,600, ಕೀಬೋರ್ಡು, ಮೌಸ್ ಸೇರಿ 1,300. ಒಟ್ಟು 52,500. ಅಂಗಡಿಯವರು 16 ಜಿಬಿಯ ಒಂದೇ ರ‍್ಯಾಮ್ ಕೊಡಲು ಬಂದರು. ಎರಡು ಕಡ್ಡಿ ಹಾಕಿದರೆ ಪ್ರೊಸೆಸರಿಗೆ ಎರಡು ದಾರಿಯಿಂದ ದತ್ತಾಂಶ ಬರುತ್ತದೆ, ಆಟದಲ್ಲಿ ಆ ವ್ಯತ್ಯಾಸ ಕಾಣುತ್ತದೆ ಎಂದು ಹಟ ಹಿಡಿದು ಎರಡನ್ನೇ ತೆಗೆದುಕೊಂಡೆ.

ಹೆಚ್ಚು ಹೊತ್ತು ಹಿಡಿದದ್ದು ಎಸ್‌ಎಂಪಿಎಸ್ ವಿಚಾರ. "ಕ್ಯಾಬಿನೆಟ್ ಜೊತೆ ಒಂದು ಫ್ರೀಯಾಗಿ ಬರುತ್ತೆ ಮೇಡಂ, 500 ವ್ಯಾಟು, ಸುಮ್ನೆ ಯಾಕೆ ನಾಲ್ಕು ಸಾವಿರ ಹಾಕ್ತೀರಾ?" ಎಂದು ಅವರು ಮತ್ತೆ ಮತ್ತೆ ಕೇಳಿದರು. ಆ ಪುಕ್ಕಟೆಯದನ್ನು ಕೈಗೆ ತೆಗೆದುಕೊಂಡು ನೋಡಿದೆ. ಮನೆಯಲ್ಲಿ ಸುಟ್ಟದ್ದರಷ್ಟೇ ಹಗುರ. ಪಕ್ಕದ ಪಟ್ಟಿಯನ್ನು ಓದಿದರೆ 12 ವೋಲ್ಟಿನ ಸಾಲಿನಲ್ಲಿ 16 ಆಂಪಿಯರ್ ಎಂದಿತ್ತು. 12ನ್ನು 16ರಿಂದ ಗುಣಿಸಿದರೆ 192 ವ್ಯಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಈ 12 ವೋಲ್ಟಿನಿಂದಲೇ ಆದ್ದರಿಂದ ಮೇಲೆ ಅಚ್ಚಾದ 500ಕ್ಕೆ ಅರ್ಥವಿರಲಿಲ್ಲ, ಮೇಲಾಗಿ ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ತಂತಿಯೂ ಅದರಲ್ಲಿರಲಿಲ್ಲ. ನಾವು ಕೊಂಡ 550 ವ್ಯಾಟಿನ, 80 ಪ್ಲಸ್ ಬ್ರಾಂಜ್ ಮುದ್ರೆಯ ಎಸ್‌ಎಂಪಿಎಸ್ಸಿನಲ್ಲಿ ಅದೇ ಸಾಲು 500 ವ್ಯಾಟ್ ದಾಟುತ್ತಿತ್ತು. ಬ್ರಾಂಜ್ ಎಂಬುದು ವಿದ್ಯುತ್ತನ್ನು ಎಷ್ಟು ಪೋಲು ಮಾಡದೆ ಬಳಸುತ್ತದೆ ಎಂಬುದರ ಗುರುತು ಮಾತ್ರ, ಗುಣಮಟ್ಟದ ಪೂರ್ಣ ಭರವಸೆಯಲ್ಲ. ಆದ್ದರಿಂದ ಐದು ವರ್ಷದ ವಾರಂಟಿಯನ್ನೂ ನೋಡಿ ತೆಗೆದುಕೊಂಡೆ.

ಬಿಲ್ಲಿನಲ್ಲಿ ಪ್ರತಿಯೊಂದರ ಸೀರಿಯಲ್ ನಂಬರ್ ಬರೆಸಿಕೊಂಡು, ಡಬ್ಬಗಳನ್ನು ಆಟೋದಲ್ಲಿ ತುಂಬಿ, ಟೌನ್ ಹಾಲ್ ಸಿಗ್ನಲ್ ದಾಟುವಷ್ಟರಲ್ಲಿ ಸಂಜೆ ಆರಾಗಿತ್ತು. ಜೋಡಿಸುವ ಕೆಲಸವನ್ನು ನಾವೇ ಮಾಡಿದೆವು. ನಡುಮನೆಯಲ್ಲಿ ಚಾಪೆ ತೆಗೆದು, ಬರಿನೆಲದ ಮೇಲೆ ಮದರ್‌ಬೋರ್ಡಿನ ರಟ್ಟಿನ ಡಬ್ಬವನ್ನೇ ಮಣೆಯಾಗಿ ಇಟ್ಟುಕೊಂಡೆವು. ಮೈಯಲ್ಲಿ ಸ್ಥಾಯಿ ವಿದ್ಯುತ್ತು ಉಳಿಯದಿರಲೆಂದು ಆಗಾಗ ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟುತ್ತಿದ್ದೆವು. ಪ್ರೊಸೆಸರಿನ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಸರಿಹೊಂದಿಸಿ ಇಟ್ಟಾಗ ಅದು ತನ್ನ ತೂಕಕ್ಕೆ ತಾನೇ ಇಳಿದು ಕುಳಿತುಕೊಂಡಿತು, ಒತ್ತಬೇಕಾಗಿಯೇ ಇರಲಿಲ್ಲ. ಅದರೊಡನೆ ಬಂದ ಕೂಲರು ನಾಲ್ಕು ತಿರುಪಿನದು. ಬೋರ್ಡಿನ ಮೇಲಿರುವ ಪ್ಲಾಸ್ಟಿಕ್ ಕೊಂಡಿಗಳನ್ನು ಮೊದಲು ಬಿಚ್ಚಬೇಕು, ಬಿಚ್ಚಿದೊಡನೆ ಹಿಂಬದಿಯ ಲೋಹದ ತಟ್ಟೆ ಕಳಚಿ ಬೀಳುತ್ತದೆ. ತಮ್ಮ ಕೆಳಗಿನಿಂದ ತಟ್ಟೆಯನ್ನು ಹಿಡಿದುಕೊಂಡ, ನಾನು ಮೂಲೆಯಿಂದ ಎದುರು ಮೂಲೆಗೆ ಎರಡೆರಡು ಸುತ್ತಿನಂತೆ ತಿರುಪು ಬಿಗಿದೆ. ರಾತ್ರಿ ಹನ್ನೊಂದಕ್ಕೆ ಎಲ್ಲ ಮುಗಿದು ಬಟನ್ ಒತ್ತಿದಾಗ ಫ್ಯಾನುಗಳು ತಿರುಗಿದವು, ಮಾನಿಟರು ಮಾತ್ರ ಸಿಗ್ನಲ್ ಇಲ್ಲ ಎಂದು ಬರೆದು ಕತ್ತಲಾಯಿತು.

ಕೇಬಲ್ಲು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಇದೆ ಎಂದು ನೋಡಿಕೊಂಡೆವು. ರ‍್ಯಾಮನ್ನು ಒಂದೊಂದಾಗಿ ಹಾಕಿ ನೋಡಿದೆವು. ಗಂಟೆ ಒಂದಾದ ಮೇಲೆ, ಬೋರ್ಡಿನ ಡಬ್ಬವನ್ನು ತಿರುಗಿಸಿ ನೋಡುತ್ತಿದ್ದ ತಮ್ಮ, "ಅಕ್ಕಾ, ಇದ್ರ ಮೇಲೆ 5000 ರೆಡಿ ಅನ್ನೋ ಸ್ಟಿಕ್ಕರೇ ಇಲ್ಲ" ಎಂದ. ಆ ಸ್ಟಿಕ್ಕರೆಂದರೆ ಬೋರ್ಡು ನಮ್ಮ 5600 ಸೇರಿದ 5000 ಸರಣಿಯ ರೈಜೆನ್ ಪ್ರೊಸೆಸರುಗಳಿಗೆ ಸಿದ್ಧವಿದೆ ಎಂಬ ಗುರುತು. ಕಾರಣ ಅದೇ ಆಗಿತ್ತು. ಬಿ450 ಬೋರ್ಡುಗಳು ಬಂದದ್ದು 2018ರಲ್ಲಿ, ನಮ್ಮ ಪ್ರೊಸೆಸರು 2022ರ ಏಪ್ರಿಲಿನದು. ಬೋರ್ಡನ್ನು ಚಾಲೂ ಮಾಡುವ ಬಯೋಸ್ ಎಂಬ ತಂತ್ರಾಂಶ ಹೊಸದಾಗಿಲ್ಲದಿದ್ದರೆ ಬೋರ್ಡಿಗೆ ಆ ಪ್ರೊಸೆಸರಿನ ಗುರುತೇ ಸಿಗುವುದಿಲ್ಲ. ಕೊಳ್ಳುವಾಗ ಇದನ್ನೇ ಎರಡು ಸಲ ಕೇಳಿದ್ದೆ, ನಡೆಯುತ್ತದೆ ಎಂದಿದ್ದರು. ಪ್ರೊಸೆಸರಿಲ್ಲದೆ ಪೆನ್‌ಡ್ರೈವಿನಿಂದಲೇ ಬಯೋಸ್ ಬದಲಿಸುವ ಬಟನ್ನು ಕೆಲವು ಬೋರ್ಡುಗಳಲ್ಲಿರುತ್ತದೆ, ನಮ್ಮದರಲ್ಲಿ ಇರಲಿಲ್ಲ.

ಸೋಮವಾರ ಬೋರ್ಡನ್ನು ಅಂಗಡಿಗೆ ಒಯ್ಯಲು ಎಲ್ಲವನ್ನೂ ಬಿಚ್ಚಬೇಕಾಯಿತು. ಕೂಲರಿನ ತಿರುಪು ತೆಗೆದು ಮೇಲಕ್ಕೆತ್ತಿದಾಗ, ನಡುವೆ ಶಾಖ ಸಾಗಿಸಲೆಂದಿರುವ ಥರ್ಮಲ್ ಪೇಸ್ಟಿಗೆ ಅಂಟಿಕೊಂಡಿದ್ದ ಪ್ರೊಸೆಸರು ಸಾಕೆಟ್ಟಿನ ಹಿಡಿತವನ್ನು ಕಿತ್ತುಕೊಂಡು ಅದರ ಜೊತೆಗೇ ಬಂತು. ನಮ್ಮದರಂಥ ಎಎಂ4 ಸಾಕೆಟ್ಟಿನ ಪ್ರೊಸೆಸರುಗಳಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲೇ ಇರುತ್ತವೆ. ದೀಪದ ಕೆಳಗೆ ಹಿಡಿದು ನೋಡಿದರೆ, ಸಾವಿರಕ್ಕೂ ಮಿಕ್ಕಿದ ಆ ಕೂದಲೆಳೆಯಂಥ ಪಿನ್ನುಗಳ ಸಾಲಿನಲ್ಲಿ ಮೂಲೆಯ ಎರಡು ಪಕ್ಕಕ್ಕೆ ವಾಲಿದ್ದವು. ಹನ್ನೆರಡು ಸಾವಿರ ರೂಪಾಯಿಯ ವಸ್ತು ನನ್ನ ಅಂಗೈಯಲ್ಲಿತ್ತು, ಕೈ ನಡುಗುತ್ತಿತ್ತು. ಬಾಗಿದ ಪಿನ್ನು ವಾರಂಟಿಗೆ ಬರುವುದಿಲ್ಲ. ತಮ್ಮ ತನ್ನ ಕಂಪಾಸ್ ಪೆಟ್ಟಿಗೆಯಿಂದ ಮೆಕ್ಯಾನಿಕಲ್ ಪೆನ್ಸಿಲ್ ತಂದು, ಸೀಸದ ಕಡ್ಡಿಯನ್ನು ತೆಗೆದುಹಾಕಿ, ಅದರ ಟೊಳ್ಳು ಮೂತಿಯನ್ನು ವಾಲಿದ ಪಿನ್ನಿನ ಮೇಲೆ ತೊಡಿಸಿ, ಉಸಿರು ಬಿಗಿಹಿಡಿದು, ಒಂದು ಕೂದಲಿನಷ್ಟು ಹಿಂದಕ್ಕೆ ಒತ್ತಿದ. ನಾನು ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದು ಸಾಲು ನೇರವಾಯಿತೇ ಎಂದು ನೋಡುತ್ತಿದ್ದೆ. ಎರಡು ಪಿನ್ನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಕೂಲರನ್ನು ನೇರವಾಗಿ ಎಳೆಯದೆ ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಚಿ ಪೇಸ್ಟು ಸಡಿಲವಾದ ಮೇಲೆ ಎತ್ತಬೇಕೆಂಬುದು ನನಗೆ ಗೊತ್ತಿರಲಿಲ್ಲ. ಇದನ್ನು ಓದುತ್ತಿರುವವರಿಗೆ ಗೊತ್ತಿರಲಿ.

ಅಂಗಡಿಯಲ್ಲಿ ಬಯೋಸ್ ಬದಲಿಸಲು 300 ರೂಪಾಯಿ ಕೇಳಿದರು. ನಡೆಯುತ್ತದೆ ಎಂದು ಹೇಳಿ ಮಾರಿದವರು ನೀವು, ನನ್ನ ಒಂದು ದಿನದ ರಜೆ ಹೋಗಿದೆ ಎಂದು ಬಿಲ್ಲು ಮುಂದಿಟ್ಟ ಮೇಲೆ, "ಹಳೇ ಸ್ಟಾಕು ಮೇಡಂ, ನಾವೂ ನೋಡ್ಲಿಲ್ಲ" ಎಂದು ಹಣ ಬಿಟ್ಟರು. ತಮ್ಮಲ್ಲಿದ್ದ ಹಳೆಯ ರೈಜೆನ್ ಪ್ರೊಸೆಸರ್ ಹಾಕಿ, ಪೆನ್‌ಡ್ರೈವಿನಿಂದ ಹೊಸ ಬಯೋಸ್ ಏರಿಸಲು ಕಾಲು ಗಂಟೆ ಸಾಕಾಯಿತು. ಬರುವಾಗ 150 ರೂಪಾಯಿಗೆ ಥರ್ಮಲ್ ಪೇಸ್ಟಿನ ಟ್ಯೂಬು ತಂದೆವು. ಆ ರಾತ್ರಿ ಮೊದಲ ಸಲ ಪರದೆ ಬೆಳಗಿದಾಗ ತಮ್ಮ ಏನೂ ಹೇಳದೆ ನನ್ನ ಭುಜ ಹಿಡಿದು ಅಲುಗಾಡಿಸಿದ.

ಪರದೆ ಬಂದ ಮೇಲೂ ಮೂರು ಕೆಲಸ ಉಳಿದಿದ್ದವು. 3200 ಎಂದು ಬರೆದಿದ್ದ ರ‍್ಯಾಮು 2666ರಲ್ಲಿ ಓಡುತ್ತಿತ್ತು. ಬಯೋಸಿನಲ್ಲಿ ಪೂರ್ಣ ವೇಗ ಕೊಡುವ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡಿದ ಮೇಲೆ 3200ಕ್ಕೆ ಬಂತು. ಕೊಟ್ಟ ದುಡ್ಡಿನ ವೇಗ ಸಿಗದೆ ವರ್ಷಗಟ್ಟಲೆ ಹಾಗೆಯೇ ಓಡುವ ಎಷ್ಟೋ ಕಂಪ್ಯೂಟರುಗಳಿರಬಹುದು. ವಿಂಡೋಸ್ 11ರಲ್ಲಿ ವ್ಯಾಲರಂಟ್ ತೆರೆಯದಿದ್ದಾಗ, ಅದು ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತೆಯ ಏರ್ಪಾಡುಗಳೆರಡನ್ನೂ ಕೇಳುತ್ತದೆಂದು ಓದಿ ತಿಳಿದು, ಅವನ್ನೂ ಬಯೋಸಿನಲ್ಲೇ ಆನ್ ಮಾಡಿದೆವು. ಕೊನೆಗೆ ಕ್ಯಾಬಿನೆಟ್ಟಿನ ಹಿಂದಿನ ಫ್ಯಾನು ಗಾಳಿಯನ್ನು ಹೊರಗೆ ತಳ್ಳುವ ಬದಲು ಒಳಗೆ ಎಳೆಯುತ್ತಿರುವುದು ಒಂದು ಕಾಗದದ ಚೂರು ಹಿಡಿದು ನೋಡಿದಾಗ ಗೊತ್ತಾಗಿ, ಅದನ್ನು ತಿರುಗಿಸಿ ಕೂರಿಸಿದೆವು.

ಫೋರ್ಜಾ 1080ರಲ್ಲಿ, ಹೈ ಎಂಬ ದರ್ಜೆಯಲ್ಲಿ, ನನ್ನ ಮಾನಿಟರಿನ 60ಕ್ಕೆ ಎಂದೂ ಕಡಿಮೆಯಾಗಲಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಮಳೆ ಸುರಿಯುವ ರಸ್ತೆ ಬಂದೊಡನೆ ಚಿತ್ರ ಕಚ್ಚಿಕೊಂಡು ನಿಲ್ಲುತ್ತಿತ್ತು. ಈಗ ಗಾಜಿನ ಮೇಲೆ ಹನಿಗಳು ವೇಗಕ್ಕೆ ತಕ್ಕಂತೆ ಮೇಲಕ್ಕೆ ಹರಿಯುವುದನ್ನು ಮೊದಲ ಸಲ ಕಂಡೆ. ನವೆಂಬರಿನ ಸಂಬಳದಲ್ಲಿ ಕರೆಂಟು ಹೋದಾಗ ಬ್ಯಾಟರಿಯಿಂದ ನಡೆಸುವ, 1,000 ವಿಎ ಸಾಮರ್ಥ್ಯದ ಯುಪಿಎಸ್ ಒಂದನ್ನು ತಂದೆ. ಮಾನಿಟರೂ ಸೇರಿ ನಮ್ಮ ಲೆಕ್ಕ 280 ವ್ಯಾಟಿನೊಳಗೇ ಇರುವುದರಿಂದ 600 ವಿಎ ಸಾಕಾಗುತ್ತಿತ್ತೇನೋ, ಆದರೆ ಬ್ಯಾಟರಿ ಹಳೆಯದಾದಾಗ ಅದು ಕೈಕೊಡುತ್ತದೆ. ಚೀಟಿಯ ದುಡ್ಡಿನಲ್ಲಿ ಆಟೋ, ಪೇಸ್ಟು ಎಲ್ಲ ಕಳೆದು 2,100 ರೂಪಾಯಿ ಮಿಕ್ಕಿತ್ತು. ಅದನ್ನು 144 ಹರ್ಟ್ಸ್ ಮಾನಿಟರಿಗೆಂದು ತಮ್ಮನ ಹೆಸರಿನಲ್ಲಿ ಎತ್ತಿಟ್ಟಿದ್ದೇನೆ. ಬಿಲ್ಲಿನ ಶಾಯಿ ಕೆಲವೇ ತಿಂಗಳಲ್ಲಿ ಮಾಸುವ ಜಾತಿಯ ಕಾಗದದ್ದಾದ್ದರಿಂದ ಅದರ ಜೆರಾಕ್ಸ್ ತೆಗೆಸಿ, ಮೂಲದ ಜೊತೆಗೆ ಬೀರುವಿನಲ್ಲಿ, ಮನೆಯ ಕರೆಂಟು ಬಿಲ್ಲುಗಳ ಕಡತದಲ್ಲಿ ಇಟ್ಟಿದ್ದೇನೆ.